ದವಡೆ ಹಲ್ಲಿನ ದಿಬ್ಬ ಸುಮ್ನೆ ಇಲ್ಲ: ಡೆಂಟಲ್ ಲ್ಯಾಬಿನ ಕೆಲಸದಿಂದ ಒಂದಿಷ್ಟು

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರು ಇದನ್ನು ಓದುವವರಲ್ಲಿ ತುಂಬಾ ಜನ ಇರುತ್ತೀರಿ. ಆ ಕ್ಯಾಪ್ ಡಾಕ್ಟರೇ ಮಾಡುತ್ತಾರೆ ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಡಾಕ್ಟರು ಹಲ್ಲನ್ನು ಸುತ್ತ ಸವೆಸಿ, ಅಳತೆ ತೆಗೆದು ಕಳಿಸುತ್ತಾರೆ. ಕ್ಯಾಪ್ ಮಾಡುವುದು ನಾವು, ಡೆಂಟಲ್ ಲ್ಯಾಬಿನವರು. ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರಿನ ಕ್ಲಿನಿಕ್‌ಗಳ ಜೊತೆಗೆ ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡು ಕಡೆಯಿಂದಲೂ ನಮಗೆ ಅಳತೆಯ ಡಬ್ಬಿಗಳು ಬರುತ್ತವೆ. ಪೇಷಂಟಿನ ಮುಖ ನಾವು ನೋಡುವುದೇ ಅಪರೂಪ. ಆದರೆ ಅವರ ಹಲ್ಲುಗಳನ್ನು ಅವರಿಗಿಂತ ಚೆನ್ನಾಗಿ ನೋಡಿರುತ್ತೇವೆ.

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಹಲ್ಲಿನ ಮೇಲಿರುವ ಪ್ರತಿ ಉಬ್ಬು, ಪ್ರತಿ ತಗ್ಗು, ಪ್ರತಿ ಗೀರಿಗೂ ಒಂದು ಕೆಲಸ ಇದೆ. ಯಾವುದೂ ಅಂದಕ್ಕೆ ಇಟ್ಟದ್ದಲ್ಲ. ಅದರ ಕೆಲಸ ಏನು ಅಂತ ತಿಳಿಯದೆ ಕೆತ್ತಿದರೆ ಕ್ಯಾಪ್ ನೋಡಲು ಚೆನ್ನಾಗಿರುತ್ತೆ, ಬಾಯಲ್ಲಿ ಮಾತ್ರ ತೊಂದರೆ ಕೊಡುತ್ತೆ.

ಡಬ್ಬಿಯ ಜೊತೆ ಡಾಕ್ಟರ ಚೀಟಿ ಇರುತ್ತೆ. ಅದರಲ್ಲಿ 46 ಅಂತಲೋ 21 ಅಂತಲೋ ಬರೆದಿರುತ್ತೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವ ಪ್ರಶ್ನೆಯೇ ಇದು: "ಅಕ್ಕಾ, ಬಾಯಲ್ಲಿರೋದೇ 32 ಹಲ್ಲು, ನಲವತ್ತಾರು ಎಲ್ಲಿಂದ ಬಂತು?" ಅದನ್ನು ನಾಲ್ಕು, ಆರು ಅಂತ ಬಿಡಿಸಿ ಓದಬೇಕು. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅಂತ ಹೇಳುತ್ತೆ. ಪೇಷಂಟಿನ ಬಲಗಡೆ ಮೇಲೆ 1, ಎಡಗಡೆ ಮೇಲೆ 2, ಎಡಗಡೆ ಕೆಳಗೆ 3, ಬಲಗಡೆ ಕೆಳಗೆ 4. ಎರಡನೇ ಅಂಕಿ ಮುಂದಿನ ನಟ್ಟನಡುವಿನಿಂದ ಹಿಂದಕ್ಕೆ ಎಣಿಸಿದ್ದು. 1 ಮತ್ತು 2 ಬಾಚಿ ಹಲ್ಲು, 3 ಕೋರೆ ಹಲ್ಲು, 4 ಮತ್ತು 5 ಪ್ರೀಮೋಲಾರ್, 6, 7, 8 ದವಡೆ ಹಲ್ಲು. 8 ಅಂದರೆ ಬುದ್ಧಿ ಹಲ್ಲು, ಕೆಲವರಿಗೆ ಅದು ಬರುವುದೇ ಇಲ್ಲ. ಹಾಗಾಗಿ 46 ಅಂದರೆ ಕೆಳಗೆ ಬಲಗಡೆಯ ಮೊದಲ ದವಡೆ ಹಲ್ಲು. ಮಕ್ಕಳ ಹಾಲುಹಲ್ಲು 20, ಅವಕ್ಕೆ ಮೊದಲ ಅಂಕಿ 5ರಿಂದ 8. ಅವುಗಳಲ್ಲಿ ಪ್ರೀಮೋಲಾರ್ ಇಲ್ಲ, ಹಾಲಿನ ದವಡೆ ಹಲ್ಲು ಬಿದ್ದ ಜಾಗದಲ್ಲೇ ಮುಂದೆ ಪ್ರೀಮೋಲಾರ್ ಬರುತ್ತೆ.

ನಾನು ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಕೈಗೆ ಮೇಣದ ತುಂಡು ಕೊಟ್ಟು ಹಲ್ಲು ಕೆತ್ತಿಸುತ್ತಿದ್ದರು. "ನೋಡಮ್ಮಾ, ಬರೀ ಹಲ್ಲಿನ ಥರ ಕಂಡರೆ ಸಾಲದು, ಇದು ಎಡದ್ದೋ ಬಲದ್ದೋ ಅಂತ ನಾನು ಕೇಳದೇನೇ ಗೊತ್ತಾಗಬೇಕು" ಅನ್ನುತ್ತಿದ್ದರು. ಒಂದೇ ಒಂದು ಬಾಚಿ ಹಲ್ಲು ಕೈಯಲ್ಲಿಟ್ಟರೆ ಎಡ, ಬಲ ಹೇಗೆ ಗೊತ್ತಾಗುತ್ತೆ ಅಂತ ನಿಮಗೂ ಅನ್ನಿಸಬಹುದು. ಕನ್ನಡಿ ಮುಂದೆ ನಿಂತು ನಿಮ್ಮ ಮೇಲಿನ ಎರಡು ಮುಂಭಾಗದ ಹಲ್ಲು ನೋಡಿಕೊಳ್ಳಿ. ಎರಡೂ ಸೇರುವ ಕಡೆಯ ಮೂಲೆ ಹೆಚ್ಚು ಚೂಪು, ಸುಮಾರಾಗಿ ನೇರ ಮೂಲೆ. ಆಚೆ ಕಡೆಯ ಮೂಲೆ ದುಂಡಗೆ. ಅಷ್ಟೇ ಗುರುತು. ಈ ಒಂದು ಮೂಲೆ ತಪ್ಪಿದರೆ ನಗುವಾಗ ಏನೋ ಸರಿಯಿಲ್ಲ ಅಂತ ಎದುರಿನವರಿಗೆ ಅನ್ನಿಸುತ್ತೆ, ಏನು ಸರಿಯಿಲ್ಲ ಅಂತ ಹೇಳಲು ಅವರಿಗೂ ಬರುವುದಿಲ್ಲ.

ಆದರೆ ನನಗೆ ನಿಜವಾಗಿ ಹಲ್ಲಿನ ಮೇಲೆ ಗೌರವ ಬಂದದ್ದು ದವಡೆ ಹಲ್ಲು ಕೆತ್ತುವಾಗ. ಮೇಲಿನ ಮೊದಲ ದವಡೆ ಹಲ್ಲಿನ ಮೇಲೆ ನಾಲ್ಕು ದಿಬ್ಬ, ನಾವು ಅದನ್ನು ಕಸ್ಪ್ ಅಂತೀವಿ. ಕೆನ್ನೆ ಕಡೆ ಎರಡು, ಅಂಗಳದ, ಅಂದರೆ ಬಾಯಿಯ ಒಳಗಿನ ಮೇಲ್ಛಾವಣಿಯ, ಕಡೆ ಎರಡು. ಅಂಗಳದ ಕಡೆಯ ಮುಂದಿನದು ಎಲ್ಲಕ್ಕಿಂತ ದೊಡ್ಡದು. ಅಲ್ಲಿಂದ ಹಿಂದಿನ ಕೆನ್ನೆ ದಿಬ್ಬದವರೆಗೆ ಓರೆಯಾಗಿ ಒಂದು ಏಣು ಹಾದು ಹೋಗುತ್ತೆ. ಮೇಲಿನ ದವಡೆ ಹಲ್ಲನ್ನು ಗುರುತಿಸಲು ಆ ಏಣು ಒಂದೇ ಸಾಕು. ಕೆಲವರಲ್ಲಿ ಅಂಗಳದ ಕಡೆ ಪಕ್ಕದಲ್ಲಿ ಐದನೆಯದಾಗಿ ಒಂದು ಪುಟ್ಟ ದಿಬ್ಬವೂ ಇರುತ್ತೆ. 19ನೇ ಶತಮಾನದಲ್ಲಿ ಆಸ್ಟ್ರಿಯಾದ ದಂತವೈದ್ಯ ಗೆಯೋರ್ಗ್ ಕ್ಯಾರಬೆಲ್ಲಿ ಅದನ್ನು ವಿವರಿಸಿದರು, ಇವತ್ತಿಗೂ ಅದಕ್ಕೆ ಅವರದೇ ಹೆಸರು. ನಾಲಿಗೆ ಆಡಿಸಿ ನೋಡಿ, ನಿಮ್ಮಲ್ಲೂ ಇರಬಹುದು. ಒಂದು ಕಡೆ ಇದ್ದರೆ ಇನ್ನೊಂದು ಕಡೆಯೂ ಸಾಮಾನ್ಯವಾಗಿ ಇರುತ್ತೆ, ಹಾಗಾಗಿ ಕ್ಯಾಪ್ ಮಾಡುವಾಗ ನಾವು ಎದುರು ಬದಿಯ ಹಲ್ಲನ್ನು ನೋಡಿಯೇ ಶುರು ಮಾಡುತ್ತೇವೆ.

ಕೆಳಗಿನ ಮೊದಲ ದವಡೆ ಹಲ್ಲಿಗೆ ಐದು ದಿಬ್ಬ. ಕೆನ್ನೆ ಕಡೆ ಮೂರು, ನಾಲಿಗೆ ಕಡೆ ಎರಡು. ಮೇಲಿನದು ಕೆನ್ನೆಯಿಂದ ಅಂಗಳದ ಕಡೆಗೆ ಅಗಲ, ಕೆಳಗಿನದು ಹಿಂದೆ ಮುಂದೆ ಉದ್ದ. ಬೇರಿನಲ್ಲೂ ವ್ಯತ್ಯಾಸ ಇದೆ. ಮೇಲಿನದಕ್ಕೆ ಮೂರು ಬೇರು, ಕೆಳಗಿನದಕ್ಕೆ ಸಾಮಾನ್ಯವಾಗಿ ಎರಡು. ಅದರ ಹಿಂದಿನ ಎರಡನೇ ದವಡೆ ಹಲ್ಲಿಗೆ ನಾಲ್ಕೇ ದಿಬ್ಬ, ನಡುವೆ ಕೂಡಿಸುವ ಗುರುತಿನ ಹಾಗೆ ಎರಡು ಗೀರು.

ಇಷ್ಟೊಂದು ದಿಬ್ಬ ಯಾಕೆ? ಮೇಲಿನ ಹಲ್ಲಿನ ಅಂಗಳದ ಕಡೆಯ ದಿಬ್ಬ ಕೆಳಗಿನ ಹಲ್ಲಿನ ನಡುವಿನ ತಗ್ಗಿಗೆ ಬಂದು ಕೂರುತ್ತೆ, ಒರಳಿಗೆ ಗುಂಡು ಕೂತ ಹಾಗೆ. ಕೆಳಗಿನ ಹಲ್ಲಿನ ಕೆನ್ನೆ ಕಡೆಯ ದಿಬ್ಬ ಮೇಲಿನ ಹಲ್ಲಿನ ತಗ್ಗಿಗೆ ಕೂರುತ್ತೆ. ಅರೆಯುವುದು ಈ ದಿಬ್ಬಗಳು. ಮೇಲಿನ ಹಲ್ಲಿನ ಕೆನ್ನೆ ಕಡೆಯ ದಿಬ್ಬಗಳು ಕೆನ್ನೆ ಮಧ್ಯೆ ಸಿಕ್ಕದ ಹಾಗೆ ಕಾಯುತ್ತವೆ, ಕೆಳಗಿನ ಹಲ್ಲಿನ ನಾಲಿಗೆ ಕಡೆಯವು ನಾಲಿಗೆಯನ್ನು ಕಾಯುತ್ತವೆ. ದಿಬ್ಬಗಳ ನಡುವಿನ ಗೀರುಗಳು ಅರೆದ ಆಹಾರ ಆಚೆ ಹರಿದು ಹೋಗುವ ದಾರಿ. ಆ ದಾರಿ ಇಲ್ಲದಿದ್ದರೆ ಅಗಿದದ್ದು ಹಲ್ಲಿನ ಮಧ್ಯೆಯೇ ಒತ್ತಿಕೊಂಡು, ಹಲ್ಲಿನ ಮೇಲೆ ಭಾರ ಜಾಸ್ತಿ ಬೀಳುತ್ತೆ. ರಾಗಿಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ, ನುಂಗುತ್ತೇವೆ. ಆದರೆ ಅದರ ಜೊತೆಗಿರುವ ನಾಟಿ ಕೋಳಿಯನ್ನೋ ಬಸ್ಸಾರಿನ ಪಲ್ಯವನ್ನೋ ಅಗಿಯಲೇಬೇಕಲ್ವಾ.

ಈಗ ಹೆಚ್ಚಿನ ಲ್ಯಾಬುಗಳಲ್ಲಿ ಡಿಸೈನ್ ಕಂಪ್ಯೂಟರಿನಲ್ಲಿ ಆಗುತ್ತೆ. ಸಾಫ್ಟ್‌ವೇರಿನಲ್ಲೇ ರೆಡಿ ಹಲ್ಲುಗಳಿರುತ್ತವೆ. 46 ಅಂತ ಒತ್ತಿದರೆ ಒಂದು ಚೆಂದದ ಹಲ್ಲು ಬಂದು ಕೂರುತ್ತೆ. ಅದನ್ನು ಮಿಷಿನ್ ಜಿರ್ಕೋನಿಯಾ ಅನ್ನುವ ಸೆರಾಮಿಕ್ ಬಿಲ್ಲೆಯಲ್ಲಿ ಸುಮಾರು 20ರಿಂದ 25 ಶೇಕಡ ದೊಡ್ಡದಾಗಿ ಕೊರೆಯುತ್ತೆ, ಆಮೇಲೆ 1,500 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಾವಿನಲ್ಲಿ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತೆ. ಹಾಗಾದರೆ ಮೇಣ ಯಾಕೆ ಕೆತ್ತಬೇಕು ಅಂತ ಹೊಸಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು. ಕಂಪ್ಯೂಟರ್ ತಂದಿಟ್ಟ ಹಲ್ಲು ಎದುರಿನ ಹಲ್ಲಿಗೆ ಒಂದೆರಡು ಕಡೆ ತಾಗಿಯೇ ತಾಗುತ್ತೆ. ಅಲ್ಲಿ ಕೆಂಪು ಬಣ್ಣ ತೋರಿಸುತ್ತೆ. ಹಲ್ಲಿನ ರಚನೆ ಗೊತ್ತಿಲ್ಲದವರು ಕೆಂಪು ಹೋಗಲಿ ಅಂತ ಆ ದಿಬ್ಬವನ್ನೇ ತಟ್ಟೆ ಮಾಡಿಬಿಡುತ್ತಾರೆ. ಗೊತ್ತಿರುವವರು ದಿಬ್ಬವನ್ನು ಉಳಿಸಿಕೊಂಡು, ಅದರ ಇಳಿಜಾರನ್ನೋ ಜಾಗವನ್ನೋ ಸ್ವಲ್ಪ ಸರಿಸುತ್ತಾರೆ. ಸ್ಕ್ರೀನಿನಲ್ಲಿ ಎರಡೂ ಒಂದೇ ಥರ ಸರಿ ಕಾಣುತ್ತವೆ. ಒಂದರಲ್ಲಿ ಅಗಿಯಬಹುದು, ಇನ್ನೊಂದರಲ್ಲಿ ಆಹಾರ ಜಜ್ಜುವುದಷ್ಟೇ.

ಪುಸ್ತಕದಲ್ಲಿದ್ದ ಹಾಗೆಯೇ ಎತ್ತರದ ದಿಬ್ಬ ಎಲ್ಲರಿಗೂ ಸರಿ ಅಂತಲೂ ಇಲ್ಲ. ವರ್ಷಗಟ್ಟಲೆ ಎಲೆಅಡಿಕೆ ಹಾಕಿದವರ ಹಲ್ಲು ಅಚ್ಚಿನಲ್ಲೇ ಗೊತ್ತಾಗುತ್ತೆ. ದಿಬ್ಬಗಳೆಲ್ಲ ಸವೆದು ಮೇಲ್ಭಾಗ ಬಯಲಾಗಿರುತ್ತೆ. ಅಂಥವರ ಬಾಯಿಗೆ ಇಪ್ಪತ್ತರ ಹುಡುಗನ ಹಲ್ಲು ಕೂರಿಸಿದರೆ ದವಡೆ ಪಕ್ಕಕ್ಕೆ ಆಡಿದಾಗಲೆಲ್ಲ ಆ ದಿಬ್ಬ ಅಡ್ಡ ಬರುತ್ತೆ, ಕ್ಯಾಪಿನ ಮೇಲಿನ ಪೋರ್ಸಲಿನ್, ಅಂದರೆ ಪಿಂಗಾಣಿ, ಚಕ್ಕೆ ಏಳುತ್ತೆ. ಅವರ ಪಕ್ಕದ ಹಲ್ಲು ಎಷ್ಟು ಸವೆದಿದೆಯೋ ಅದನ್ನೇ ನೋಡಿ ಮಾಡಬೇಕು.

ಇನ್ನು ಪಕ್ಕದ ವಿಷಯ. ನನಗೆ ಇದು ದಿಬ್ಬಕ್ಕಿಂತ ಮುಖ್ಯ ಅನ್ನಿಸುತ್ತೆ, ಯಾಕೆಂದರೆ ಇದು ತಪ್ಪಿದರೆ ಪೇಷಂಟ್ ದಿನಾ ಒದ್ದಾಡುತ್ತಾರೆ. ಪಕ್ಕಪಕ್ಕದ ಎರಡು ಹಲ್ಲು ಒಂದು ಸಣ್ಣ ಜಾಗದಲ್ಲಿ ಮಾತ್ರ ಒಂದಕ್ಕೊಂದು ತಾಗಿರುತ್ತವೆ. ಅದರ ಕೆಳಗೆ ಎರಡೂ ಹಲ್ಲು ಒಳಕ್ಕೆ ಜಾರುತ್ತವೆ, ಆ ಮೂಲೆಯಲ್ಲಿ ವಸಡಿನ ತ್ರಿಕೋನ ಕೂತಿರುತ್ತೆ. ತಾಗುವ ಜಾಗ ಬಿಗಿಯಾಗಿದ್ದರೆ ಆಹಾರ ವಸಡಿಗೆ ಇಳಿಯುವುದಿಲ್ಲ. ಕೂದಲೆಳೆಯಷ್ಟು ಸಡಿಲ ಆದರೂ ಪ್ರತಿ ಊಟದಲ್ಲಿ ಅಲ್ಲಿ ನಾರು ಸಿಕ್ಕಿಕೊಳ್ಳುತ್ತೆ. ಮಂಡ್ಯ ಕಡೆಯ ಒಬ್ಬ ರೈತರಿಗೆ ಬೇರೆಲ್ಲೋ ಮಾಡಿಸಿದ ಕ್ಯಾಪ್ ತೆಗೆದು ಹೊಸದು ಹಾಕಬೇಕು ಅಂತ ನಮಗೆ ಕೇಸ್ ಬಂದಿತ್ತು. ಹಳೇ ಕ್ಯಾಪ್ ನೋಡಿದೆ. ಬಣ್ಣ ಚೆನ್ನಾಗಿತ್ತು, ಮೇಲ್ಭಾಗವೂ ಚೆನ್ನಾಗಿತ್ತು. ಪಕ್ಕ ಮಾತ್ರ ಗೋಡೆಯಂತೆ ನೇರ. ಮಾಂಸ ತಿಂದರೆ ಸಾಕು, ಊಟ ಮುಗಿಯುವ ಮೊದಲೇ ಕಡ್ಡಿ ಹುಡುಕಬೇಕಾಗಿತ್ತಂತೆ. ವಸಡು ಊದಿ ರಕ್ತ ಬರುತ್ತಿತ್ತು. ಪಕ್ಕದ ಉಬ್ಬನ್ನು ಸರಿಯಾದ ಎತ್ತರದಲ್ಲಿ ಕೊಟ್ಟು, ಅಂಚಿನ ಏಣನ್ನು ಪಕ್ಕದ ಹಲ್ಲಿನ ಮಟ್ಟಕ್ಕೆ ತಂದು ಹೊಸದು ಮಾಡಿದೆವು. ಅವರು ಡಾಕ್ಟರ ಹತ್ತಿರ ಮೊದಲು ಕೇಳಿದ ಮಾತು, "ಸಾರ್, ಕಬ್ಬು ಸಿಗೀಬೋದಾ?" ಕ್ಯಾಪ್ ಹಾಕಿದ ಹಲ್ಲಿನಲ್ಲಿ ಕಬ್ಬು ಸಿಗಿಯಬೇಡಿ. ಕತ್ತರಿಸಿ ತುಂಡು ಮಾಡಿ ತಿನ್ನಿ. ಸಿಗಿಯುವಾಗ ಬಲ ನೇರವಾಗಿ ಕೆಳಕ್ಕೆ ಬೀಳುವುದಿಲ್ಲ, ಪಕ್ಕಕ್ಕೆ ಎಳೆಯುತ್ತೆ.

ಬಣ್ಣದ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ, ಯಾಕೆಂದರೆ ಎಲ್ಲರ ಗಲಾಟೆ ಅದರದ್ದೇ. ಮದುವೆಗೆ ಮುಂಚೆ ಕ್ಯಾಪ್ ಮಾಡಿಸುವವರು "ಬೆಳ್ಳಗೆ ಇರಲಿ" ಅಂತಾರೆ. ಹಲ್ಲು ಒಂದೇ ಬಣ್ಣದ್ದಲ್ಲ. ಹೊರಗಿನ ಪದರ ಎನಾಮೆಲ್, ದೇಹದಲ್ಲೇ ಅತಿ ಗಟ್ಟಿ ವಸ್ತು, ತೂಕದಲ್ಲಿ ಸುಮಾರು 96 ಶೇಕಡ ಖನಿಜ. ಅದಕ್ಕೆ ತನ್ನದೇ ಬಣ್ಣ ಕಡಿಮೆ, ಬೆಳಕು ಅದರೊಳಗೆ ಹಾದು ಹೋಗುತ್ತೆ. ಹಲ್ಲಿನ ಹಳದಿ ಬರುವುದು ಒಳಗಿನ ಡೆಂಟಿನ್‌ನಿಂದ. ದವಡೆ ಹಲ್ಲಿನ ದಿಬ್ಬದ ತುದಿಯಲ್ಲಿ ಎನಾಮೆಲ್ ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪ. ವಸಡಿನ ಹತ್ತಿರ ಬರುತ್ತಾ ಚಾಕುವಿನ ಅಂಚಿನಷ್ಟು ತೆಳು. ಅದಕ್ಕೇ ಹಲ್ಲಿನ ಬುಡ ಯಾವಾಗಲೂ ಹೆಚ್ಚು ಹಳದಿ. ಬಾಚಿ ಹಲ್ಲಿನ ತುದಿಯಲ್ಲಿ ಹಿಂದೆ ಡೆಂಟಿನ್ ಇರುವುದಿಲ್ಲ, ಅಲ್ಲಿ ತಿಳಿ ನೀಲಿ ಛಾಯೆ ಕಾಣುತ್ತೆ. ಕೋರೆ ಹಲ್ಲಿನಲ್ಲಿ ಡೆಂಟಿನ್ ಜಾಸ್ತಿ, ಅದು ಪಕ್ಕದವುಗಳಿಗಿಂತ ಹಳದಿ ಇರುವುದೇ ಸಹಜ. ಅದು ಕೊಳೆ ಅಂತ ಉಜ್ಜಿ ಉಜ್ಜಿ ಸವೆಸಬೇಡಿ.

ನಾವು ಪೋರ್ಸಲಿನ್ ಕಟ್ಟುವಾಗಲೂ ಇದೇ ಕ್ರಮ. ಒಳಗೆ ಮೆಟಲ್ ಇರುವ ಕ್ಯಾಪಿನಲ್ಲಿ ಆ ಮೆಟಲ್ ಮೇಲೆ ಮೊದಲು ಅದರ ಕಪ್ಪು ಮುಚ್ಚುವ ಓಪೇಕ್, ಆಮೇಲೆ ಡೆಂಟಿನ್ ಪುಡಿ, ಕೊನೆಗೆ ಎನಾಮೆಲ್ ಪುಡಿ. ಬಾಟಲಿಯ ಮೇಲೆ ಇದೇ ಹೆಸರುಗಳಿರುತ್ತವೆ. ಡಾಕ್ಟರು ಹಲ್ಲಿನ ಬಣ್ಣದ ಮಾದರಿಗಳಿರುವ ಶೇಡ್ ಗೈಡ್ ಹಿಡಿದು ಎ2, ಎ3 ಅಂತ ಬರೆದು ಕಳಿಸುತ್ತಾರೆ. ತುಂಬಾ ಬಳಕೆಯಲ್ಲಿರುವ ವೀಟಾ ಕ್ಲಾಸಿಕಲ್ ಗೈಡಿನಲ್ಲಿ 16 ಬಣ್ಣ. ಅದನ್ನು ಹಗಲು ಬೆಳಕಿನಲ್ಲಿ, ಹಲ್ಲು ಒಣಗುವ ಮುಂಚೆ ನೋಡಬೇಕು, ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತೆ. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಗೆರೆ ಇರುತ್ತೆ. ಎನಾಮೆಲ್ ತಯಾರಾಗುವ ಚಿಕ್ಕ ವಯಸ್ಸಿನಲ್ಲಿ ಆದದ್ದು ಅದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಸಿಗದಿದ್ದರೆ 1.5ರ ಮೇಲೆ ಬೇಡ ಅಂತ ನಮ್ಮ ದೇಶದ ಮಾನದಂಡ. ಅಂಥವರಿಗೆ ಮುಂದಿನ ಒಂದೇ ಹಲ್ಲು ಮಾಡಬೇಕಾದರೆ ನಾವು ಆ ಬಿಳಿ ಮಚ್ಚೆಯನ್ನೂ ಕ್ಯಾಪಿನಲ್ಲಿ ಬರೆಯುತ್ತೇವೆ. ಆಗಲೇ ಅದು ಅವರ ಹಲ್ಲು ಅನ್ನಿಸುವುದು.

ಹಲ್ಲಿನ ಒಳಗೆ ನಮಗೆ ಕೆಲಸ ಇಲ್ಲ, ಆದರೂ ಕ್ಯಾಪ್ ಯಾಕೆ ಬೇಕಾಯಿತು ಅನ್ನುವುದು ಅಲ್ಲೇ ಇದೆ. ಎನಾಮೆಲ್‌ನಲ್ಲಿ ನರ ಇಲ್ಲ. ಹುಳುಕು ಅಲ್ಲಿರುವಷ್ಟು ದಿನ ನೋವೇ ಇಲ್ಲ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಮ್ಲ ಬಿಡುತ್ತವೆ, ಹಲ್ಲಿನ ಮೇಲೆ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಡೆಂಟಿನ್ ಅಷ್ಟು ಗಟ್ಟಿಯಲ್ಲ, ಅದರ ತುಂಬಾ ಕಣ್ಣಿಗೆ ಕಾಣದ ಕೊಳವೆಗಳು, ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ. ಅವುಗಳೊಳಗಿನ ದ್ರವ ಅಲ್ಲಾಡಿದಾಗಲೇ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುವುದು. ನಡುವೆ ಪಲ್ಪ್, ಅಲ್ಲಿ ನರ ಮತ್ತು ರಕ್ತನಾಳ. ರಾತ್ರಿ ನಿದ್ದೆ ಬಿಡಿಸುವ ನೋವು ಬಂತು ಅಂದರೆ ಹುಳುಕು ಹೆಚ್ಚಾಗಿ ಅಲ್ಲಿಗೆ ತಲುಪಿರುತ್ತೆ, ಪಲ್ಪ್ ತೆಗೆದು ಆ ಜಾಗ ತುಂಬುವ ರೂಟ್ ಕೆನಾಲ್ ಆಗುತ್ತೆ, ಆಮೇಲೆ ನಮ್ಮ ಲ್ಯಾಬಿಗೆ ಡಬ್ಬಿ ಬರುತ್ತೆ. ರೂಟ್ ಕೆನಾಲ್ ಆದ ದವಡೆ ಹಲ್ಲಿನಲ್ಲಿ ಒಳಗಿನ ಡೆಂಟಿನ್ ತುಂಬಾ ಹೋಗಿರುತ್ತೆ. ಎನಾಮೆಲ್ ಗಟ್ಟಿ ನಿಜ, ಆದರೆ ಒಳಗೆ ಆಧಾರ ಇಲ್ಲದಿದ್ದರೆ ಸೀಳುತ್ತೆ. "ನೋವು ಹೋಯ್ತಲ್ಲ, ಕ್ಯಾಪ್ ಆಮೇಲೆ ನೋಡೋಣ" ಅಂತ ತಿಂಗಳುಗಟ್ಟಲೆ ಬಿಡುವವರು ಇದನ್ನು ದಯವಿಟ್ಟು ಗಮನಿಸಿ.

ಕ್ಯಾಪ್ ಕೂರಿಸುವ ದಿನ ಒಂದು ವಿಷಯದಲ್ಲಿ ಸಂಕೋಚ ಬೇಡ. ಹಲ್ಲಿನ ಬೇರು ಮೂಳೆಗೆ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರುಗಳ ಪದರ ಇದೆ. ಅದರಲ್ಲಿರುವ ನರಗಳು ಒತ್ತಡವನ್ನು ಎಷ್ಟು ಸೂಕ್ಷ್ಮವಾಗಿ ಗ್ರಹಿಸುತ್ತವೆ ಅಂದರೆ ಅನ್ನದಲ್ಲಿ ಸಿಕ್ಕ ಸಣ್ಣ ಮರಳಿನ ಕಣವೂ ತಕ್ಷಣ ಗೊತ್ತಾಗುತ್ತೆ. ರೂಟ್ ಕೆನಾಲ್ ಆದ ಹಲ್ಲಿಗೂ ಈ ಅರಿವು ಇರುತ್ತೆ, ಯಾಕೆಂದರೆ ಅದು ಪಲ್ಪ್‌ನಿಂದ ಬರುವುದಲ್ಲ. ಹಾಗಾಗಿ ಕ್ಯಾಪ್ ಎತ್ತರ ಅನ್ನಿಸಿದರೆ ಅದು ನಿಮ್ಮ ಭ್ರಮೆ ಅಲ್ಲ. ಡಾಕ್ಟರು ಬಣ್ಣದ ಪೇಪರ್ ಕಚ್ಚಿಸಿ ನೋಡುತ್ತಾರೆ, ಎರಡು ಮೂರು ಸಲ ಹೇಳಬೇಕಾದರೂ ಹೇಳಿ. ಫ್ಲಾಸ್ ದಾರ ಹಾಕಿಸಿ ನೋಡಿ, ಪಕ್ಕದಲ್ಲಿ ಸ್ವಲ್ಪ ಬಿಗಿಯಾಗಿ ಟಕ್ ಅಂತ ಇಳಿಯಬೇಕು, ಸಲೀಸಾಗಿ ಜಾರಬಾರದು. ಸರಿಯಿಲ್ಲದಿದ್ದರೆ ಅಂಟಿಸುವ ಮೊದಲೇ ವಾಪಸ್ ಕಳಿಸಲಿ. ಮತ್ತೆ ಮಾಡಿಕೊಡುವುದು ನಮ್ಮ ಕೆಲಸವೇ, ಅದರಲ್ಲಿ ನಮಗೆ ಬೇಸರ ಇಲ್ಲ.

ಬೇಸರ ಆಗುವುದು ಬೇರೆ ವಿಷಯಕ್ಕೆ. ನನ್ನ ಟೇಬಲ್ಲಿಗೆ ಬರುವ ಚೀಟಿಗಳಲ್ಲಿ 36 ಮತ್ತು 46 ಬಹಳ ಇರುತ್ತವೆ, ವಯಸ್ಸಿನ ಜಾಗದಲ್ಲಿ ಹತ್ತೊಂಬತ್ತು, ಇಪ್ಪತ್ತು ಅಂತ ಇದ್ದರೆ ಕೈ ಒಂದು ಕ್ಷಣ ನಿಲ್ಲುತ್ತೆ. ಈ ಹಲ್ಲು ಆರು ವರ್ಷದ ಸುಮಾರಿಗೆ ಬರುತ್ತೆ. ಯಾವ ಹಾಲುಹಲ್ಲೂ ಬೀಳದೆ, ಎಲ್ಲದರ ಹಿಂದೆ, ಸದ್ದಿಲ್ಲದೆ ಬರುತ್ತೆ. ಹಾಗಾಗಿ ಮನೆಯವರು ಅದನ್ನೂ ಹಾಲುಹಲ್ಲು ಅಂತಲೇ ತಿಳಿಯುತ್ತಾರೆ, ಹುಳುಕಾದರೆ "ಬಿದ್ದು ಹೋಗೋ ಹಲ್ಲು ಬಿಡಿ" ಅಂತಾರೆ. ಅದು ಬಿದ್ದು ಹೋಗುವ ಹಲ್ಲಲ್ಲ. ಜೀವನಪೂರ್ತಿ ಅಗಿಯಬೇಕಾದ ಹಲ್ಲು. ನಾನು ಮೇಲೆ ಹೇಳಿದ ಗೀರುಗಳು ಹೊಸ ಹಲ್ಲಿನಲ್ಲಿ ತುಂಬಾ ಆಳ, ಕೆಲವು ಕಡೆ ಬ್ರಷ್ಷಿನ ಎಳೆಗಿಂತ ಕಿರಿದು. ಎಷ್ಟು ಉಜ್ಜಿದರೂ ಎಳೆ ತಳ ಮುಟ್ಟುವುದಿಲ್ಲ, ಹುಳುಕು ಅಲ್ಲಿಂದಲೇ ಶುರುವಾಗುತ್ತೆ. ಒಮ್ಮೆ ಹೋದ ಎನಾಮೆಲ್ ಮತ್ತೆ ಬೆಳೆಯುವುದೂ ಇಲ್ಲ, ಅದನ್ನು ತಯಾರಿಸುವ ಜೀವಕೋಶಗಳು ಹಲ್ಲು ಹೊರಗೆ ಬರುವಷ್ಟರಲ್ಲಿ ಮುಗಿದಿರುತ್ತವೆ.

ಮನೆಯಲ್ಲಿ ಆರೇಳು ವರ್ಷದ ಮಗು ಇದ್ದರೆ ಬಾಯಿ ಅಗಲಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಮುಂದಿನ ನಡುವಿನಿಂದ ಎಣಿಸುತ್ತಾ ಹೋಗಿ, ಐದು ಹಲ್ಲಿನ ಜಾಗ ಆದ ಮೇಲೆ ಆರನೆಯದು ಇಣುಕುತ್ತಿದ್ದರೆ ಅದೇ. ಅದು ಪೂರ್ತಿ ಹೊರಗೆ ಬಂದ ಮೇಲೆ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಿ ಸೀಲೆಂಟ್ ಬಗ್ಗೆ ಕೇಳಿ. ಆ ಗೀರುಗಳಿಗೆ ತೆಳುವಾಗಿ ರೆಸಿನ್ (ಪ್ಲಾಸ್ಟಿಕ್ ಥರದ ವಸ್ತು) ತುಂಬಿ ಮುಚ್ಚುತ್ತಾರೆ. ಸಾಮಾನ್ಯವಾಗಿ ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ಮಗು ಬಾಯಿ ತೆರೆದು ಸ್ವಲ್ಪ ಹೊತ್ತು ಕೂತರೆ ಆಯಿತು. ಆಮೇಲೆ ಚೆಕಪ್‌ಗೆ ಹೋದಾಗಲೆಲ್ಲ ಸೀಲೆಂಟ್ ಹಾಗೇ ಇದೆಯಾ ಅಂತ ನೋಡಿಸಿ, ಕಿತ್ತು ಬಂದಿದ್ದರೆ ಮತ್ತೆ ಹಾಕುತ್ತಾರೆ. ಹನ್ನೆರಡರ ಸುಮಾರಿಗೆ ಅದರ ಹಿಂದೆ ಏಳನೇ ಹಲ್ಲು ಬರುತ್ತೆ, ಅದಕ್ಕೂ ಇದನ್ನೇ ಮಾಡಿಸಿ.